ಹೊಲಿದ ಹಡಗು

ಆಷಾಢದ ಸಂಜೆ, ಚಿಕ್ಕಮಗಳೂರಿನ ಒಂದು ಕಾಫಿ ಅಂಗಡಿ. ಹೊರಗೆ ಮಳೆ, ಒಳಗೆ ಬೋಂಡಾ ಖಾಲಿ. ಮಾತು ಹಡಗು ಹತ್ತಿತು.

"ಕೌಂಡಿನ್ಯ ಹಡಗಿನ ಹಲಗೆಗೆ ಮೊಳೇನೇ ಹೊಡೆದಿಲ್ವಂತೆ?" ಅಂದ ಸೀನ.

"ಹೊಲಿದಿದ್ದಾರೆ," ಅಂದ ನಾಗಣ್ಣ. "ಅಜಂತಾ ಚಿತ್ರದಲ್ಲಿರೋ 5ನೇ ಶತಮಾನದ ಹಡಗಿನ ಮಾದರಿ. ಗೋವಾದಲ್ಲಿ ಕಟ್ಟಿ, 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿಸಿದ್ರು."

"ದರ್ಜಿ ಯಾರೋ?"

"ಕೇರಳದ ಬಡಗಿಗಳು. ಹಲಗೆ ಅಂಚಿಗೆ ಸಾಲಾಗಿ ತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರು ಇಟ್ಟು, ಅದನ್ನೂ ಸೇರಿಸಿ ನಾರಿನ ಹಗ್ಗದಲ್ಲಿ ಬಿಗಿಯೋದು. ಆಮೇಲೆ ರಾಳ, ಮೀನೆಣ್ಣೆ."

"ಮೀನೆಣ್ಣೆ! ಭಟ್ರೇ, ನಿಮ್ಮ ಟಿಕೆಟ್ ಕ್ಯಾನ್ಸಲ್."

"ಅಲ್ಲ ಮಾರಾಯ, ಇದು ಮುತ್ತುಗದೆಲೆ ಹೊಲಿದ ಹಾಗಾಯ್ತು. ಸೋರಲ್ವಾ?" ಅಂದರು ಭಟ್ರು.

"ಸೋರದೆ ಏನು! ಒಣಗಿದ ಮರದ ಬಾನಿಗೆ ನೀರು ಹಾಕಿ ನೋಡಿ, ಮೊದಲು ಸೋರುತ್ತೆ, ಮರ ಊದಿಕೊಂಡ ಮೇಲೆ ನಿಲ್ಲುತ್ತೆ. ಆದ್ರೂ ತಳಕ್ಕೆ ಇಳಿದ ನೀರನ್ನ ಆಗಾಗ ಎತ್ತಿ ಚೆಲ್ತಾ ಇರಬೇಕು. ಅಲೆ ಬಡಿದಾಗ ಹೊಲಿದ ಹಲಗೆ ಚೂರು ಮಿಸುಕಾಡಿ ಪೆಟ್ಟು ತಾಳ್ಕೊಳ್ಳುತ್ತೆ. ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರಾನೂ ಹಾಳು ಮಾಡುತ್ತೆ. ಹಗ್ಗದ ಕಾಟ ಬೇರೆ: ಎಣ್ಣೆ ಹಚ್ಚೋದು ಬಿಟ್ರೆ ಕೊಳೆತು ಹೋಗುತ್ತೆ, ಬಿಚ್ಚಿ ಮತ್ತೆ ಹೊಲೀಬೇಕು."

"ಮಲಗೋಕೆ ರೂಮು?"

"ರೂಮೂ ಇಲ್ಲ, ಎಂಜಿನ್ನೂ ಇಲ್ಲ. ಉದ್ದ 20 ಮೀಟರ್‌ಗೆ ತುಸು ಕಮ್ಮಿ, ಅಗಲ ಆರೂವರೆ. ಅಷ್ಟರಲ್ಲೇ ಊಟ, ಅಷ್ಟರಲ್ಲೇ ನಿದ್ದೆ. ಹಾಯಿ ಮೇಲೆ ಗಂಡಭೇರುಂಡ."

"ಹಾಗಾದ್ರೆ ಕೆಎಸ್‌ಆರ್‌ಟಿಸಿ ಅನ್ನು. ನಿಂತ್ಕೊಂಡೇ ಹೋಗಬೇಕು."

"ತಿರುಗಿಸೋದು ಹಿಂದಿರೋ ದೊಡ್ಡ ಹುಟ್ಟುಗಳಿಂದ. ಹಾಯಿ ಚೌಕದ್ದು. ಗಾಳಿ ಬೆನ್ನಿಗಿದ್ರೆ ಓಟ. ಎದುರಿಗೆ ಬಂತೋ, ನಿನ್ನ ಸ್ಕೂಟರ್ ಕೈಮರದಿಂದ ಬೆಟ್ಟ ಹತ್ತಿದ ಹಾಗೆ. ಅದಕ್ಕೇ 2025ರ ಡಿಸೆಂಬರ್ 29ಕ್ಕೆ ಪೋರಬಂದರ್ ಬಿಟ್ಟಿದ್ದು. ಆ ಕಾಲದಲ್ಲಿ ಈಶಾನ್ಯದ ಗಾಳಿ ಅರಬ್ ದೇಶದ ಕಡೆ ತಳ್ಳುತ್ತೆ. ಜನವರಿ 14ಕ್ಕೆ ಮಸ್ಕತ್ ಸೇರಿತು."

"ಈಗ ಹೊರಟಿದ್ರೆ?"

"ಮೂತಿಗೇ ಗಾಳಿ. ಹೊರಗೆ ಸುರೀತಿದ್ಯಲ್ಲ, ಇದನ್ನ ಹೊತ್ತು ತರೋದೂ ಅದೇ ನೈಋತ್ಯದ ಗಾಳಿ. ಆ ಕಡೆಯಿಂದ ಈ ಕಡೆ ಬರೋರಿಗೆ ಅದೇ ಬೇಕು. ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ್ರು ಅಂತಾರಲ್ಲ, ಅವರ ಹಡಗಿಗೂ ಅಷ್ಟೇ."

ಸೀನ ಲೋಟ ಎತ್ತಿ ಮೂಸಿದ. "ಆ ಹಡಗನ್ನೂ ಹೊಲಿದಿದ್ರಾ?"

"ಆಗೆಲ್ಲ ಅರಬ್ಬಿ ಸಮುದ್ರದಲ್ಲಿ ಹೊಲಿದ ಹಡಗು ಮಾಮೂಲಾಗಿತ್ತು."

"ಎಣ್ಣೆ ಹಚ್ಚಿ?"

ಭಟ್ರು ಕಾಫಿ ಕೆಳಗಿಟ್ಟು, "ಒಂದು ಟೀ ಕೊಡಪ್ಪ," ಅಂದರು.