ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ಹೀಟ್, ಓಡುವಾಗ ಸರಿ: ಥರ್ಮೋಸ್ಟಾಟ್ ತೆಗೆಸಬೇಕಾ?

ಪ್ರಶ್ನೆ:
1.2 ಲೀಟರ್ ಪೆಟ್ರೋಲ್ ಕಾರು, 90,000 ಕಿ.ಮೀ. ಓಡಿದೆ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಅರ್ಧ ದಾಟಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತರೆ ಕೆಂಪು ಗೆರೆ ಹತ್ತಿರ ಹೋಗುತ್ತೆ, ಗಾಡಿ ಓಡಿದರೆ ಇಳಿಯುತ್ತೆ. ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ವಾರಕ್ಕೆ 200 ಮಿ.ಲೀ.ನಷ್ಟು ಕಡಿಮೆಯಾಗ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ತೆಗೆದುಬಿಡೋಣ ಅಂತಿದ್ದಾರೆ ಮೆಕ್ಯಾನಿಕ್. ತೆಗೆಸಲಾ?

ಉತ್ತರ 1:
ಬೇಡ ಸರ್. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದ್ದರೆ ಹೈವೇಯಲ್ಲೂ ಘಾಟಿಯಲ್ಲೂ ಮೊದಲು ಹೀಟ್ ಆಗಬೇಕಿತ್ತು. ಅದನ್ನು ತೆಗೆದರೆ ಇಂಜಿನ್ ಸರಿಯಾದ ಬಿಸಿಗೆ ಬರೋದೇ ತಡ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಬಿಡುತ್ತೆ, ಮೈಲೇಜ್ ಬೀಳುತ್ತೆ.

ನಿಂತಾಗ ಮಾತ್ರ ಹೀಟ್ ಅಂದರೆ ರೇಡಿಯೇಟರ್‌ಗೆ ಗಾಳಿ ಸಾಲ್ತಿಲ್ಲ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತೆ, ನಿಂತಾಗ ಫ್ಯಾನೇ ಗತಿ. ಬಾನೆಟ್ ತೆಗೆದು ಎಸಿ ಹಾಕಿ. ರೇಡಿಯೇಟರ್ ಹಿಂದಿನ ಫ್ಯಾನ್ ತಿರುಗಿದರೆ ಮೋಟಾರ್ ಸರಿಯಿದೆ. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇಯನ್ನು (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್) ಅದೇ ನಂಬರಿನ ಪಕ್ಕದ ರಿಲೇ ಜೊತೆ ಅದಲು ಬದಲು ಮಾಡಿ. ಆಗಲೂ ತಿರುಗದಿದ್ದರೆ ಮೋಟಾರ್ ಪ್ಲಗ್ ಕಳಚಿ, ಫ್ಯೂಸ್ ಇರುವ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಕೈ ದೂರ ಇರಲಿ, ಕೆಲವು ಕಾರುಗಳಲ್ಲಿ ಇಗ್ನಿಷನ್ ಆಫ್ ಇದ್ದರೂ ಫ್ಯಾನ್ ಶುರುವಾಗುತ್ತೆ.

ಉತ್ತರ 2:
ಫ್ಯಾನ್ ವಿಚಾರ ಸರಿ, ಆದರೆ ಕೂಲೆಂಟ್ ಎಲ್ಲಿ ಹೋಗ್ತಿದೆ ಅನ್ನೋದು ಅದಕ್ಕಿಂತ ಮುಖ್ಯ. ಮಟ್ಟ ಇಳಿದು ಟೆಂಪರೇಚರ್ ಸೆನ್ಸರ್ ಕೂಲೆಂಟ್‌ನಲ್ಲಿ ಮುಳುಗದೆ ಹಬೆಯಲ್ಲಿದ್ದರೂ ಫ್ಯಾನ್ ಸಮಯಕ್ಕೆ ಬರಲ್ಲ.

ರಾತ್ರಿಯಿಡೀ ತಣ್ಣಗಾದ ಇಂಜಿನ್ ಮೇಲೆ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿ. ರೇಡಿಯೇಟರಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು, ಹೋಸ್ ಕ್ಲಿಪ್, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಈ ಜಾಗಗಳಲ್ಲಿ ಸೋರುತ್ತಿದ್ದರೆ ಕೂಲೆಂಟ್ ಬಣ್ಣದ ಒಣ ಪುಡಿ ಕಟ್ಟಿರುತ್ತೆ. ಬಿಸಿಗೆ ಅಲ್ಲೇ ಆವಿಯಾಗೋದರಿಂದ ನೆಲಕ್ಕೆ ಹನಿ ಬೀಳಲ್ಲ. ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ರೇಡಿಯೇಟರ್ ಕ್ಯಾಪಿನ ನಿರ್ವಾತ ವಾಲ್ವ್ ಅಂಟಿಕೊಂಡಿದೆ. ತಣ್ಣಗಾಗುವಾಗ ರಿಸರ್ವ್ ಡಬ್ಬಿಯಿಂದ ವಾಪಸ್ ಎಳೆದುಕೊಳ್ಳೋಕೆ ದಾರಿ ಇಲ್ಲ ಅಂತ ಅರ್ಥ.

ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು ಅನ್ನುವ ಅನುಮಾನವನ್ನೂ ಕಳೆದುಕೊಳ್ಳಿ. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳು ನಿಲ್ಲದೆ ಬರ್ತಾ ಇದ್ದರೆ ಅಥವಾ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಬೇಡಿ.

ಪ್ರಶ್ನೆ ಕೇಳಿದವರು:
ಎಸಿ ಹಾಕಿದರೆ ಫ್ಯಾನ್ ತಿರುಗುತ್ತೆ. ಗುಳ್ಳೆ ಇಲ್ಲ, ಆಯಿಲ್ ಚೆನ್ನಾಗಿದೆ. ಮೇಲಿನ ಹೋಸ್ ಬೆಳಿಗ್ಗೆ ಚಪ್ಪಟೆಯಾಗಿತ್ತು. ಕ್ಯಾಪಿನ ರಬ್ಬರ್ ಬಿರಿದಿದೆ.

ಉತ್ತರ 2:
ಹಾಗಾದರೆ ಮೊದಲು ಕ್ಯಾಪ್ ಬದಲಿಸಿ. ಹಳೆಯದರ ಮೇಲೆ 0.9 ಅಂತಿದ್ದರೆ ಹೊಸದೂ 0.9 ಬಾರ್‌ದೇ ಇರಲಿ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತೆ. ಕೂಲೆಂಟ್ ಅದಕ್ಕೂ ಮೇಲೆ ಕುದಿಯದೆ ಇರೋದರಲ್ಲಿ ಕ್ಯಾಪ್ ಹಿಡಿದಿಡುವ ಒತ್ತಡದ ಪಾಲು ದೊಡ್ಡದು. ಅದಕ್ಕೇ ಬಿಸಿ ಇರುವಾಗ ಕ್ಯಾಪ್ ಮುಟ್ಟಬಾರದು: ಒತ್ತಡ ಇಳಿದ ಕ್ಷಣವೇ ಕುದಿದು ಮುಖಕ್ಕೆ ಎರಚುತ್ತೆ.

ಆಮೇಲೆ ತುಂಬಿಸಿ. ಮೊದಲಿದ್ದ ಜಾತಿಯ ಕೂಲೆಂಟ್ ಮಾತ್ರ, ಹಸಿರು ಗುಲಾಬಿ ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ರೆಡಿಮಿಕ್ಸ್‌ಗೆ ಏನೂ ಬೇಡ. ಬೋರ್‌ವೆಲ್ ನೀರು ಖಂಡಿತಾ ಬೇಡ, ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಬಿಳಿ ಗಾರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ.

ಉತ್ತರ 1:
ಗಾಳಿ ತೆಗೆಯೋದು ಮರೀಬೇಡಿ. ಮುಂಭಾಗ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಫುಲ್ ಇಟ್ಟು, ನಿಧಾನ ಸುರಿಯುತ್ತಾ ಮೇಲಿನ ಹೋಸ್ ಹಿಂಡಿ. ಕ್ಯಾಪ್ ಹಾಕಿ ಐಡ್ಲಿಂಗ್‌ನಲ್ಲಿ ಬಿಡಿ. ಹೀಟರ್‌ನಿಂದ ಬಿಸಿಗಾಳಿ ಸಮನಾಗಿ ಬರಬೇಕು, ಎಸಿ ಆಫ್ ಇದ್ದಾಗಲೂ ಫ್ಯಾನ್ ತಾನಾಗಿ ಶುರುವಾಗಿ ನಿಲ್ಲಬೇಕು. ಮುಳ್ಳು ಮುಕ್ಕಾಲು ದಾಟಿದರೂ ಫ್ಯಾನ್ ಬರದಿದ್ದರೆ ಇಂಜಿನ್ ಆಫ್ ಮಾಡಿ. ಸೆನ್ಸರ್ ಅಥವಾ ಫ್ಯಾನ್ ಸ್ವಿಚ್ ಬದಲಿಸಬೇಕು. ಚೆಲ್ಲಿದ ಕೂಲೆಂಟ್ ಸಿಹಿಯಾಗಿರುತ್ತೆ, ಬೀದಿ ನಾಯಿಗಳು ನೆಕ್ಕಿದರೆ ಸಾಯುತ್ತವೆ, ತಕ್ಷಣ ತೊಳೆದುಬಿಡಿ. ಮರುದಿನ ಬೆಳಿಗ್ಗೆ ಮಟ್ಟ ನೋಡಿ, ಕಡಿಮೆಯಾಗಿದ್ದರೆ ರಿಸರ್ವ್ ಡಬ್ಬಿಯ ಫುಲ್ ಗೆರೆಯವರೆಗೆ ಹಾಕಿ.