ಮಿನ್ನೆಸೋಟಾ ಹಿತ್ತಲಿಗೆ ಯಾವ ಮರ? ಆರ್ಬರಿಸ್ಟ್ ಅಕ್ಕನನ್ನು ಕೇಳಿ

ಗುಂಪಿನ ನಿರ್ವಾಹಕಿ: ಅಮೆರಿಕದ ಮಿನ್ನೆಸೋಟಾದಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲೇ ಇರುವ ಆರ್ಬರಿಸ್ಟ್, ಅಂದರೆ ಮರಗಳ ಆರೈಕೆಯ ತಜ್ಞೆ, ಅಕ್ಕ ಇವತ್ತು ಸಂಜೆ ಮರಗಳ ಪ್ರಶ್ನೆಗೆ ಉತ್ತರ ಕೊಡ್ತಾರೆ. ಹೆಸರಿನ ಬದಲು ನಿಮ್ಮ ಊರು ಹಾಕಿ, ಮಣ್ಣು, ಬಿಸಿಲು ಹೇಗಿದೆ ಅಂತ ಬರೆಯಿರಿ.

ಈಗನ್: ಅಕ್ಕ, ಹೊಸ ಮನೆ, ಮುಂದಿನ ಅಂಗಳ ಬೋಳು. ಶರತ್ಕಾಲದಲ್ಲಿ ಕೆಂಪಾಗುವ ಮೇಪಲ್‌ನಲ್ಲಿ ಯಾವುದು ಒಳ್ಳೆಯದು?

ಆರ್ಬರಿಸ್ಟ್: ನಿಮ್ಮ ಬೀದಿಯಲ್ಲಿ ಎಷ್ಟು ಮೇಪಲ್ ಇವೆ, ಒಮ್ಮೆ ಎಣಿಸಿ. ಇಲ್ಲಿ ಮೊದಲು ಬೀದಿ ತುಂಬ ಎಲ್ಮ್ ಇತ್ತು, ಡಚ್ ಎಲ್ಮ್ ರೋಗ ಬಂದು ಹೋಯಿತು. ಆ ಜಾಗಕ್ಕೆ ಆಶ್ ನೆಟ್ಟರು. 2002ರಲ್ಲಿ ಮಿಶಿಗನ್‌ನಲ್ಲಿ ಕಂಡ ಎಮರಾಲ್ಡ್ ಆಶ್ ಬೋರರ್ ಅನ್ನೋ, ಆಶ್ ಮರ ಕೊಲ್ಲುವ ಹುಳು 2009ಕ್ಕೆ ಸೇಂಟ್ ಪಾಲ್‌ಗೆ ಬಂತು. ಈಗ ಎಲ್ಲರೂ ಮೇಪಲ್ ಅಂತೀರಿ. ಬೀದಿ ತುಂಬ ಒಂದೇ ಜಾತಿ ಬೇಡ. ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ರೆಡ್ ಮೇಪಲ್‌ಗೆ ಮ್ಯಾಂಗನೀಸ್ ಸಿಗದೆ ಎಲೆ ಹಳದಿಯಾಗುತ್ತೆ. ಸ್ವಾಂಪ್ ವೈಟ್ ಓಕ್, ಕೆಂಟಕಿ ಕಾಫಿಟ್ರೀ, ಹ್ಯಾಕ್‌ಬೆರಿ ನೋಡಿ. ಸಣ್ಣ ಅಂಗಳವಾದರೆ ಐರನ್‌ವುಡ್. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ, ನೆಲದೊಳಗಿನ ಗ್ಯಾಸ್, ಕರೆಂಟ್ ಲೈನ್ ಗುರುತು ಹಾಕಿಕೊಡ್ತಾರೆ. ದುಡ್ಡು ಕೊಡಬೇಕಿಲ್ಲ.

ರಾಚೆಸ್ಟರ್: ಅಮ್ಮ ಬಂದಿದ್ದಾರೆ, ಸಂಪಿಗೆ ಮರ ಬೇಕಂತೆ. ಆಗುತ್ತಾ?

ಆರ್ಬರಿಸ್ಟ್: ನಮ್ಮ ಸಂಪಿಗೆ ಹೊರಗೆ ಒಂದು ಚಳಿಗಾಲ ಕೂಡ ದಾಟಲ್ಲ. ಆದರೆ ಅದರದೇ ಕುಲದ ಸ್ಟಾರ್ ಮ್ಯಾಗ್ನೋಲಿಯಾ ಇಲ್ಲಿ ಬದುಕುತ್ತೆ. ವಾಯವ್ಯದ ಗಾಳಿ ಹೊಡೆಯದ ಮರೆಯಲ್ಲಿ ನೆಡಿ. ಎಲೆ ಬರುವ ಮೊದಲೇ ಬಿಳಿ ಹೂ ಬಿಡುತ್ತೆ, ಕೆಲವು ವರ್ಷ ತಡವಾಗಿ ಬಿದ್ದ ಮಂಜಿಗೆ ಹೂ ಕಪ್ಪಾಗುತ್ತೆ. ಅಮ್ಮನಿಗೆ ಅದನ್ನ ಮೊದಲೇ ಹೇಳಿಬಿಡಿ.

ಪ್ಲಿಮತ್: ನೀಲಿ ಸ್ಪ್ರೂಸ್‌ನ ಕೆಳಗಿನ ಕೊಂಬೆಗಳೆಲ್ಲ ಕಂದಾಗ್ತಿವೆ. ಏನು ಮಾಡಲಿ?

ವುಡ್‌ಬರಿ: ಅಕ್ಕ, ಮನೆ ಕಟ್ಟಿದವರೇ ನೆಟ್ಟುಕೊಟ್ಟ ಮೇಪಲ್, ಏಳು ವರ್ಷ ಆಯ್ತು. ಎಲೆ ಸಣ್ಣಗಾಗಿದೆ, ಆಗಸ್ಟ್ ಮೊದಲ ವಾರವೇ ಒಂದು ಪಕ್ಕ ಕೆಂಪಾಯ್ತು, ತುದಿಯಲ್ಲಿ ಒಣ ಕೊಂಬೆ. ಮಕ್ಕಳ ಜೋಕಾಲಿ ಅದಕ್ಕೇ ಕಟ್ಟಿದ್ದೀವಿ. ಫೋಟೋ ಹಾಕಿದ್ದೀನಿ.

ಮಂಕೇಟೋ: ಗೊಬ್ಬರ ಸಾಲದು. ಒಂದು ಮೆಸೇಜ್ ಬಂದಿತ್ತು, ಕಳಿಸ್ತೀನಿ: ಎರಡು ಹಿಡಿ ಎಪ್ಸಮ್ ಸಾಲ್ಟ್, ಹುಳಿ ಮಜ್ಜಿಗೆ ಬುಡಕ್ಕೆ ಹಾಕಿ, ಕಾಂಡಕ್ಕೆ ಅರಿಶಿನ ಬಳಿದು, ಮೇಲೆ ಮಣ್ಣು ಏರಿಸಬೇಕು.

ಆರ್ಬರಿಸ್ಟ್: ವುಡ್‌ಬರಿಯವರೇ, ಜೋಕಾಲಿ ಇವತ್ತೇ ಬಿಚ್ಚಿ. ಆಮೇಲೆ ಮುಂದಿನದು ಓದಿ.

ಮರದ ಬುಡ ನೆಲ ಮುಟ್ಟುವಲ್ಲಿ ಆನೆಕಾಲಿನ ಹಾಗೆ ಅಗಲವಾಗಬೇಕು. ನಿಮ್ಮದು ಲೈಟ್ ಕಂಬ ಹುಗಿದ ಹಾಗೆ ನೇರ ಇಳಿದಿದೆ, ಅಂದರೆ ಆಳವಾಗಿ ನೆಟ್ಟಿದ್ದಾರೆ. ಎಷ್ಟೋ ಸಲ ನರ್ಸರಿಯಿಂದ ಬಂದ ಬೇರಿನ ಉಂಡೆಯಲ್ಲೇ ಮೇಲೆ ನಾಲ್ಕೈದು ಇಂಚು ಹೆಚ್ಚುವರಿ ಮಣ್ಣು ಇರುತ್ತೆ. ಗುಂಡಿ ತೋಡುವವರು ಅದನ್ನು ಕೆದರಿ ನೋಡಲ್ಲ. ಅದರ ಮೇಲೆ ನೀವು ಮರದ ಚೂರನ್ನು ಗುಡ್ಡೆ ಮಾಡಿದ್ದೀರಿ. ಗಾಳಿ ಸಿಗದ ಬೇರು ಮೇಲಕ್ಕೆ ಬಂದು ಕಾಂಡದ ಸುತ್ತ ಸುತ್ತಿಕೊಳ್ಳುತ್ತೆ. ಬೇರೂ ದಪ್ಪವಾಗುತ್ತೆ, ಕಾಂಡವೂ ದಪ್ಪವಾಗುತ್ತೆ, ಕೊನೆಗೆ ಒಂದನ್ನೊಂದು ಒತ್ತಿ ನೀರು, ಆಹಾರ ಓಡಾಡುವ ದಾರಿ ಮುಚ್ಚಿಹೋಗುತ್ತೆ. ಆಗಸ್ಟ್‌ನ ಕೆಂಪು ಅದರ ಗುರುತು. ಬೇಸಿಗೆಯ ಬಿರುಗಾಳಿಗೆ ಇಂಥ ಮರಗಳು ಒತ್ತಿದ ಜಾಗದಲ್ಲೇ ಮುರಿದು ಬೀಳ್ತವೆ. ಅದಕ್ಕೇ ಜೋಕಾಲಿ ಅಂದಿದ್ದು.

ಸಣ್ಣ ಕೈಕರಣೆಯಿಂದ ಮೊದಲ ದೊಡ್ಡ ಬೇರು ಕಾಣುವವರೆಗೆ ಬಿಡಿಸಿ, ಗುದ್ದಲಿ ಬೇಡ. ಹೆಬ್ಬೆರಳಿಗಿಂತ ಸಣ್ಣ ಬೇರು ಸುತ್ತಿದ್ದರೆ ಕತ್ತರಿಸಬಹುದು. ದಪ್ಪದ್ದಾದರೆ ಮುಟ್ಟದೆ ಫೋಟೋ ಹಾಕಿ. ಗೊಬ್ಬರ ಬೇಡ. ವಾರಕ್ಕೊಮ್ಮೆ ನಿಧಾನವಾಗಿ ನೀರು ಬಿಡಿ.

ಮಂಕೇಟೋದವರೇ, ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಮ್. ಕುತ್ತಿಗೆ ಬಿಗಿದುಕೊಂಡವರಿಗೆ ಊಟ ಬಡಿಸಿದರೆ ಇಳಿಯುತ್ತಾ? ದಯವಿಟ್ಟು ಮಣ್ಣು ಏರಿಸಿ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಮಂಕೇಟೋ: ತೀರ್ಥಹಳ್ಳಿಯಲ್ಲಿ ನಮ್ಮ ಅಜ್ಜ ಅಡಿಕೆ ಬುಡಕ್ಕೆ ಮಣ್ಣು ಏರಿಸ್ತಿದ್ದರು. ಐವತ್ತು ವರ್ಷ ಫಸಲು ಬಂತು.

ಆರ್ಬರಿಸ್ಟ್: ಅಜ್ಜ ಮಾಡಿದ್ದು ಸರಿ. ಅಡಿಕೆ ತಾಳೆಯ ಜಾತಿ, ಕಾಂಡದ ಬುಡದಿಂದ ಹೊಸ ಬೇರು ಬಿಡುತ್ತಲೇ ಇರುತ್ತೆ, ಅದಕ್ಕೆ ಮಣ್ಣು ಬೇಕು. ಮೇಪಲ್‌ನ ತೊಗಟೆ ಮಣ್ಣಿನಡಿ ಕೊಳೆಯುತ್ತೆ.

ಬ್ಲೂಮಿಂಗ್ಟನ್: ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ಯೋಚನೆ ಮಾಡಬೇಕು ಸ್ವಾಮಿ.

ಮಂಕೇಟೋ: ನಿಮ್ಮನ್ನು ಕೇಳಿಲ್ಲ. ಹೋದ ವರ್ಷ ಈಶಾನ್ಯದಲ್ಲಿ ದೊಡ್ಡ ಮರ ಬೇಡ ಅಂತ ವಾಸ್ತು ಹೇಳಿಕೊಟ್ಟಿದ್ದು ಯಾರು?

ಬ್ಲೂಮಿಂಗ್ಟನ್: ಅದರಿಂದ ಯಾರ ಮರವೂ ಸಾಯಲಿಲ್ಲವಲ್ಲ.

ಮೇಪಲ್ ಗ್ರೋವ್: ಅಕ್ಕ, ಒಳ್ಳೆ ಮೇಪಲ್ ಯಾವುದು?

ಆರ್ಬರಿಸ್ಟ್: ಮೇಲೆ ಬರೆದಿದ್ದೇನೆ.

ಈಡನ್ ಪ್ರೇರಿ: ಓಕ್ ಕೊಂಬೆ ಈಗ ಕಡಿಸಬಹುದಾ? ಗಾಯಕ್ಕೆ ಸುಣ್ಣ ಬಳಿಯಬೇಕಂತೆ.

ಆರ್ಬರಿಸ್ಟ್: ಸುಣ್ಣ ಬೇಡ. ಚಳಿಗಾಲದವರೆಗೆ ಕಾಯಿರಿ. ಏಪ್ರಿಲ್‌ನಿಂದ ಜುಲೈವರೆಗೆ ಅಂತೂ ಗರಗಸ ಮುಟ್ಟಿಸಲೇಬೇಡಿ, ಹಸಿ ಗಾಯದ ವಾಸನೆಗೆ ಬರುವ ಹುಳು ಓಕ್ ವಿಲ್ಟ್ ರೋಗ ತರುತ್ತೆ.

ಬ್ಲೇನ್: ಚಳಿಗಾಲದಲ್ಲಿ ಮೊಲ ತೊಗಟೆ ತಿನ್ನುತ್ತೆ. ಖಾರದಪುಡಿ ಎರಚಲಾ?

ಆರ್ಬರಿಸ್ಟ್: ಒಂದು ಮಳೆಗೆ ತೊಳೆದು ಹೋಗುತ್ತೆ. ಕಬ್ಬಿಣದ ಸಣ್ಣ ಜಾಲರಿ ಸುತ್ತಿ, ಹಿಮ ಎಷ್ಟು ಎತ್ತರ ಬೀಳುತ್ತೋ ಅದಕ್ಕಿಂತ ಎರಡು ಅಡಿ ಮೇಲಿರಲಿ.

ಮಂಕೇಟೋ: ಊರಲ್ಲಿ ಓದಿಲ್ಲದವರೂ ಮರ ಬೆಳೆಸ್ತಾರೆ. ಇಲ್ಲಿ ಎಲ್ಲದಕ್ಕೂ ಸರ್ಟಿಫಿಕೇಟ್.

ಆರ್ಬರಿಸ್ಟ್: ನಿಮ್ಮ ಅಜ್ಜನಿಗೆ ಅವರ ಮರ ಗೊತ್ತಿತ್ತು. ಈ ಮರದ ಕೆಳಗೆ ಇಬ್ಬರು ಮಕ್ಕಳು ಆಡ್ತಾರೆ. ಈ ವಾದ ನನಗೆ ಇಲ್ಲಿಗೆ ಸಾಕು.

ಪ್ಲಿಮತ್: ನನ್ನ ಸ್ಪ್ರೂಸ್?

ವುಡ್‌ಬರಿ: ಅಕ್ಕ, ಏಳು ಇಂಚು ಬಿಡಿಸಿದ ಮೇಲೆ ಬೇರು ಸಿಕ್ತು. ನನ್ನ ಮಣಿಕಟ್ಟಿನಷ್ಟು ದಪ್ಪ, ಅರ್ಧ ಸುತ್ತು ಬಂದಿದೆ. ಅದರಡಿ ಕಾಂಡ ತಗ್ಗಾಗಿದೆ. ಬೇರಿನ ಉಂಡೆಗೆ ಕಟ್ಟಿದ್ದ ಗೋಣಿಯ ಹಗ್ಗ ಕೂಡ ನೆಟ್ಟವರು ಬಿಚ್ಚಿಲ್ಲ.

ಆರ್ಬರಿಸ್ಟ್: ಹಗ್ಗ ಮಾತ್ರ ಕತ್ತರಿಸಿ ತೆಗೆಯಿರಿ. ಬೇರು ಮುಟ್ಟಬೇಡಿ, ಅದನ್ನು ಒಂದೇ ಸಲ ಕಡಿದರೆ ಆ ಪಕ್ಕದ ಆಧಾರವೇ ಹೋಗಬಹುದು. ಶನಿವಾರ ಬೆಳಿಗ್ಗೆ ನಾನೇ ಬಂದು ನೋಡ್ತೀನಿ, ವಿಳಾಸ ನನಗೊಬ್ಬಳಿಗೇ ಕಳಿಸಿ. ಅಲ್ಲಿಯವರೆಗೆ ಮಕ್ಕಳು ಆ ಕಡೆ ಹೋಗದ ಹಾಗೆ ಹಗ್ಗ ಕಟ್ಟಿ.