1914ರ ಜುಲೈ: ಕೊಲೆಯಿಂದ ಯುದ್ಧದವರೆಗಿನ 37 ದಿನ ರಾಯಭಾರಿಗಳು ಏನು ಮಾಡುತ್ತಿದ್ದರು?

ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊದಲನೆಯ ಮಹಾಯುದ್ಧದ ತಕ್ಷಣದ ಕಾರಣವೇನು ಎಂದು ಕೇಳಿದರೆ, ಸರಾಯೆವೊದಲ್ಲಿ ನಡೆದ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡನ ಕೊಲೆ ಎಂದು ಮಕ್ಕಳು ಒಂದೇ ವಾಕ್ಯದಲ್ಲಿ ಬರೆಯುತ್ತಾರೆ, ನಾವೂ ಅಂಕ ಕೊಡುತ್ತೇವೆ. ಕಳೆದ ವಾರ ಗುಬ್ಬಿ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಕೊಲೆಯಾದದ್ದು ಜೂನ್ 28ರಂದು, ಬ್ರಿಟನ್ ಯುದ್ಧಕ್ಕಿಳಿದದ್ದು ಆಗಸ್ಟ್ 4ರಂದು, ನಡುವಿನ 37 ದಿನ ರಾಯಭಾರಿಗಳೆಲ್ಲ ಏನು ಮಾಡುತ್ತಿದ್ದರು ಮೇಡಂ ಎಂದು ಕೇಳಿದಳು. ಮೈತ್ರಿಕೂಟಗಳ ವಿಷಯ ಹೇಳಿ ಅವಳನ್ನು ಕೂರಿಸಿದೆ. ಆದರೆ ನನಗೇ ಸಮಾಧಾನವಾಗಲಿಲ್ಲ. ಏಕೆಂದರೆ ಮೈತ್ರಿಕೂಟಗಳು 1908ರ ಬೋಸ್ನಿಯಾ ಬಿಕ್ಕಟ್ಟಿನಲ್ಲೂ 1912ರ ಬಾಲ್ಕನ್ ಯುದ್ಧದ ಸಮಯದಲ್ಲೂ ಇದ್ದವು, ಆಗ ಯುರೋಪಿಗೆ ಬೆಂಕಿ ಬೀಳಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳ 1918ರಲ್ಲಿ ಹೈಫಾದಲ್ಲಿ ಹೋರಾಡಿದ್ದನ್ನು ಹೆಮ್ಮೆಯಿಂದ ಹೇಳುವ ನಾವು, ಆ ಸವಾರರನ್ನು ಅಷ್ಟು ದೂರ ಎಳೆದೊಯ್ದ ಯುದ್ಧ ಹುಟ್ಟಿದ ಬಗೆಯನ್ನೂ ಸರಿಯಾಗಿ ಹೇಳಬೇಕಲ್ಲವೇ? ಆ ಜುಲೈನಲ್ಲಿ ಸಂಧಾನ ಸೋತಿತೇ, ಅಥವಾ ಸಂಧಾನ ನಡೆಯಲೇ ಇಲ್ಲವೇ?

ಉತ್ತರ 1: ವಕೀಲ, ಚಿಕ್ಕಬಳ್ಳಾಪುರ

ಮೇಡಂ ಅವರಿಗೆ ನಮಸ್ಕಾರ. ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಆ 37 ದಿನಗಳಲ್ಲಿ ಮೊದಲ 25 ದಿನ ಸಂಧಾನಕ್ಕೆ ಅವಕಾಶವೇ ಇರಲಿಲ್ಲ, ಏಕೆಂದರೆ ಕೊಲೆಗೆ ನೆರೆಯ ಸರ್ಬಿಯಾವನ್ನು ಹೊಣೆ ಮಾಡಿದ ಆಸ್ಟ್ರಿಯಾ ತನ್ನ ಬೇಡಿಕೆ ಏನೆಂಬುದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಜುಲೈ 5 ಮತ್ತು 6ರಂದು ಬರ್ಲಿನ್ನಿನಲ್ಲಿ ಜರ್ಮನಿಯ ಚಕ್ರವರ್ತಿ, ಅಂದರೆ ಕೈಸರ್, ಎರಡನೆಯ ವಿಲ್ಹೆಲ್ಮ್ ಮತ್ತು ಚಾನ್ಸಲರ್ ಬೆತ್ಮಾನ್ ಹೋಲ್ವೆಗ್, ನೀವು ಸರ್ಬಿಯಾದ ಮೇಲೆ ಏನೇ ಕ್ರಮ ಕೈಗೊಂಡರೂ ನಾವು ಬೆನ್ನಿಗಿರುತ್ತೇವೆ ಎಂದು ಆಸ್ಟ್ರಿಯಾಕ್ಕೆ ಭರವಸೆ ಕೊಟ್ಟರು. ಇದನ್ನೇ ಇತಿಹಾಸಕಾರರು ಖಾಲಿ ಚೆಕ್ ಎನ್ನುತ್ತಾರೆ. ಆಸ್ಟ್ರಿಯಾದೊಂದಿಗೆ ಒಂದೇ ಸಾಮ್ರಾಜ್ಯವಾಗಿದ್ದ ಹಂಗೆರಿಯ ಪ್ರಧಾನಿ ಟಿಸಾ ಒಬ್ಬರೇ ಒಂದು ವಾರ ವಿರೋಧಿಸಿ, ಜುಲೈ 14ರಂದು ಅವರೂ ಒಪ್ಪಿಕೊಂಡರು. ಸೈನಿಕರಲ್ಲಿ ಬಹಳಷ್ಟು ಮಂದಿ ಸುಗ್ಗಿಯ ರಜೆಯ ಮೇಲೆ ಊರಿಗೆ ಹೋಗಿದ್ದರೆಂಬುದೂ ತಡಕ್ಕೆ ಒಂದು ಕಾರಣ.

ನಂತರ ಆಸ್ಟ್ರಿಯಾದವರು ಕಾದದ್ದು ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ರಷ್ಯಾದ ಭೇಟಿ ಮುಗಿಸಿ ಹಡಗು ಹತ್ತಲಿ ಎಂದು. ರಷ್ಯಾ ಮತ್ತು ಫ್ರಾನ್ಸ್ ಎದುರುಬದುರು ಕುಳಿತು ಸಮಾಲೋಚಿಸಲು ಆಗಬಾರದೆಂಬುದು ಇದರ ಉದ್ದೇಶ. ಪ್ವಾಂಕರೆ ಹೊರಡುವುದು ಇನ್ನೂ ತಡ ಎಂದು ತಿಳಿದು, ಷರತ್ತಿನ ಪತ್ರ ಕೊಡುವ ವೇಳೆಯನ್ನು ಒಂದು ಗಂಟೆ ಮುಂದಕ್ಕೂ ಹಾಕಿದರು. ಜುಲೈ 23ರ ಸಂಜೆ 6ಕ್ಕೆ ಬೆಲ್‌ಗ್ರೇಡಿನಲ್ಲಿ ಹತ್ತು ಬೇಡಿಕೆಗಳ ಪತ್ರ ಕೊಟ್ಟರು. ವಾಯಿದೆ 48 ಗಂಟೆ. ನಮ್ಮಲ್ಲಿ ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ, ಏಕೆಂದರೆ ನೋಟಿಸಿನ ಉದ್ದೇಶ ವ್ಯಾಜ್ಯ ತಪ್ಪಿಸುವುದು. ಎರಡೇ ದಿನದ ವಾಯಿದೆಯ ಆ ಪತ್ರವನ್ನು ಓದಿದಾಗ, ಎದುರು ಪಕ್ಷ ಒಪ್ಪಬಾರದೆಂಬ ಆಸೆಯಿಂದಲೇ ಬರೆದದ್ದೆಂದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಸರ್ಬಿಯಾ ಬಹುಪಾಲು ಬೇಡಿಕೆಗಳಿಗೆ ತಲೆಬಾಗಿತು. ತನ್ನ ನೆಲದ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸುವ ಆರನೆಯದನ್ನು ಮಾತ್ರ ನಿರಾಕರಿಸಿ, ಅಸಮಾಧಾನವಿದ್ದರೆ ಹೇಗ್ ನ್ಯಾಯಮಂಡಳಿಗೆ ಅಥವಾ ಮಹಾಶಕ್ತಿಗಳಿಗೆ ಒಪ್ಪಿಸೋಣ ಎಂದಿತು. ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಉತ್ತರದ ಮೇಲೆ ಕಣ್ಣಾಡಿಸಿ, ಅರ್ಧ ಗಂಟೆಯೊಳಗೆ ರೈಲು ಹತ್ತಿದರು.

ಉತ್ತರ 2: ನಿವೃತ್ತ ರೈಲ್ವೆ ನೌಕರ, ತಿಪಟೂರು

ವಕೀಲ ಸಾಹೇಬರು ಹೇಳಿದ್ದೆಲ್ಲ ಸರಿ, ಆದರೆ ಕೊನೆಯ ವಾರದ ಕಥೆಯಲ್ಲಿ ರೈಲಿಗೂ ಪಾಲಿದೆ. ತುಮಕೂರು ಅರಸೀಕೆರೆ ನಡುವೆ ಒಂಟಿ ಹಳಿ ಇದ್ದ ಕಾಲದಲ್ಲಿ ನಾನು ಕೆಲಸ ಮಾಡಿದವನು. ನಿಟ್ಟೂರಿನಲ್ಲಿ ಒಂದು ಗಾಡಿಯ ಕ್ರಾಸಿಂಗ್ ತಪ್ಪಿದರೆ ಹಿಂದಿನ ನಾಲ್ಕು ಗಾಡಿಗಳ ವೇಳೆ ಏರುಪೇರಾಗುತ್ತಿತ್ತು. ಲಕ್ಷಾಂತರ ಸೈನಿಕರನ್ನು ಸಾವಿರಾರು ಗಾಡಿಗಳಲ್ಲಿ ಗಡಿಗೆ ಸಾಗಿಸುವ ವೇಳಾಪಟ್ಟಿಯ ಬಿಗಿ ಎಂಥದ್ದೆಂದು ಆ ಅನುಭವದಿಂದ ಊಹಿಸಬಲ್ಲೆ. ಜುಲೈ 29ರಂದು, ಸರ್ಬಿಯಾದ ಬೆನ್ನಿಗಿದ್ದ ರಷ್ಯಾದ ಚಕ್ರವರ್ತಿ ಝಾರ್ ನಿಕೋಲಸ್ ಪೂರ್ಣ ಸೇನಾ ಸಜ್ಜಿಗೆ ಅಪ್ಪಣೆ ಕೊಟ್ಟು, ಕೈಸರನ ತಂತಿ ಬಂದ ಮೇಲೆ ಅದೇ ರಾತ್ರಿ ಹಿಂತೆಗೆದುಕೊಂಡರು. ಆಸ್ಟ್ರಿಯಾದ ವಿರುದ್ಧ ಮಾತ್ರ ಅರ್ಧ ಸಜ್ಜು ಸಾಕೆಂದರೆ, ಅದಕ್ಕೆ ತಕ್ಕ ಯೋಜನೆ ತಮ್ಮಲ್ಲಿಲ್ಲ, ಹಾಗೆ ಮಾಡಿದರೆ ಪೂರ್ಣ ಸಜ್ಜೂ ಕೆಡುತ್ತದೆ ಎಂದು ಸೇನಾಧಿಕಾರಿಗಳು ಹೇಳಿದರು. ಮರುದಿನ ವಿದೇಶಾಂಗ ಸಚಿವ ಸಜೊನೊವ್ ಝಾರ್ ಅವರ ಮನ ಒಲಿಸಿ ಪೂರ್ಣ ಸಜ್ಜಿಗೇ ಅಪ್ಪಣೆ ಪಡೆದರು.

ಆಗಸ್ಟ್ 1ರ ಸಂಜೆ ಬ್ರಿಟನ್ ತಟಸ್ಥವಾಗಿರಬಹುದೆಂಬ ತಪ್ಪು ಸುದ್ದಿ ಲಂಡನ್ನಿನಿಂದ ಬಂದಾಗ, ಹಾಗಾದರೆ ಫ್ರಾನ್ಸಿನತ್ತ ಹೊರಟ ಸೈನ್ಯವನ್ನೆಲ್ಲ ಪೂರ್ವಕ್ಕೆ, ರಷ್ಯಾದತ್ತ ತಿರುಗಿಸಿ ಎಂದು ಕೈಸರ್ ಆಜ್ಞಾಪಿಸಿದರೆ, ಸೇನಾ ಮುಖ್ಯಸ್ಥ ಮೋಲ್ಟ್ಕೆ ಅದು ಸಾಧ್ಯವೇ ಇಲ್ಲ ಎಂದರು. ಜರ್ಮನ್ ಸೇನೆಯ ರೈಲ್ವೆ ವಿಭಾಗದಲ್ಲಿದ್ದ ಜನರಲ್ ಫಾನ್ ಸ್ಟಾಬ್ ಯುದ್ಧ ಮುಗಿದ ಮೇಲೆ, 1925ರಲ್ಲಿ, ಗಾಡಿಗಳನ್ನು ತಿರುಗಿಸಬಹುದಿತ್ತು ಎಂದು ಲೆಕ್ಕ ಹಾಕಿ ವಾದಿಸಿದರು. ಹಳಿಯ ಮೇಲೆ ದುಡಿದ ನನಗೆ ಆ ಮಾತು ಓದಿದಾಗ ಬಹಳ ನೋವಾಯಿತು.

ಉತ್ತರ 3: ಪ್ರೌಢಶಾಲಾ ಶಿಕ್ಷಕ, ಕೋಲಾರ

ಮೇಡಂ, 1912ರಲ್ಲಿ ಯುದ್ಧವಾಗಲಿಲ್ಲವಲ್ಲ ಎಂದು ನೀವು ಬರೆದದ್ದರಲ್ಲೇ ಉತ್ತರದ ಎಳೆಯಿದೆ. ಆಗ ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಲಂಡನ್ನಿನಲ್ಲಿ ಮಹಾಶಕ್ತಿಗಳ ರಾಯಭಾರಿಗಳನ್ನು ಕೂರಿಸಿ, 1913ರವರೆಗೂ ತಾಳ್ಮೆಯಿಂದ ಮಾತನಾಡಿಸಿ ಬಿಕ್ಕಟ್ಟು ಬಿಡಿಸಿದರು. 1914ರ ಜುಲೈ 26ರಂದು ಗ್ರೇ ಅದೇ ದಾರಿ ಹಿಡಿದು, ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ ನಾಲ್ವರೂ ಸೇರೋಣ ಎಂದರು. ಆದರೆ ಹಿಂದಿನ ಸಭೆಗಳಿಂದ ತನಗೇನೂ ದಕ್ಕಲಿಲ್ಲ, ಸರ್ಬಿಯಾ ಬೆಳೆಯುತ್ತಲೇ ಹೋಯಿತು ಎಂಬ ಕಹಿ ವಿಯೆನ್ನಾದಲ್ಲಿ ತುಂಬಿತ್ತು. 1909ರಲ್ಲಿ ಜರ್ಮನಿಯ ಒತ್ತಡಕ್ಕೆ ಮಣಿದು ಬೋಸ್ನಿಯಾದ ವಿಲೀನವನ್ನು ಒಪ್ಪಿದ್ದ ರಷ್ಯಾಕ್ಕೆ ಇನ್ನೊಮ್ಮೆ ಮಣಿಯುವ ಮನಸ್ಸಿರಲಿಲ್ಲ. ಹಿಂದೆ ರಾಜಿಯಾದವರಿಬ್ಬರೂ ರಾಜಿಯಿಂದ ಸೋತೆವೆಂದೇ ನಂಬಿದ್ದರು. ಜರ್ಮನಿ ಜುಲೈ 27ರಂದು ಸಭೆಯನ್ನು ನಿರಾಕರಿಸಿತು.

ಗ್ರೇ ಅವರ ಮೇಲೂ ನನಗೆ ಆಕ್ಷೇಪವಿದೆ. ಫ್ರಾನ್ಸ್ ಯುದ್ಧಕ್ಕೆ ಸಿಲುಕಿದರೆ ಬ್ರಿಟನ್ ದೂರ ನಿಲ್ಲಲಾರದು ಎಂದು ಅವರು ಜರ್ಮನ್ ರಾಯಭಾರಿ ಲಿಖ್ನೋವ್‌ಸ್ಕಿಗೆ ಸ್ಪಷ್ಟವಾಗಿ ಹೇಳಿದ್ದು ಜುಲೈ 29ರಂದು. ಆ ಹೊತ್ತಿಗೆ ಬೆಲ್‌ಗ್ರೇಡಿನ ಮೇಲೆ ಗುಂಡು ಬೀಳತೊಡಗಿತ್ತು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಇನ್ನೊಂದೇ ಸಂದೇಹ. ಸರ್ಬಿಯಾದ ಉತ್ತರ ಓದಿದ ಕೈಸರ್, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂದರೆಂದು ಓದಿದ್ದೇನೆ. ಹಾಗಿದ್ದರೆ ಅದನ್ನು ಹಿಡಿದು ಯಾರೂ ನಿಲ್ಲಿಸಲಿಲ್ಲವೇಕೆ?

ಉತ್ತರ: ವಕೀಲ, ಚಿಕ್ಕಬಳ್ಳಾಪುರ

ಅದು ಜುಲೈ 28ರ ಬೆಳಗಿನ ಮಾತು, ಮೇಡಂ. ನಾರ್ವೆ ಕಡೆಯ ವಿಹಾರದಿಂದ ಕೈಸರ್ ಮರಳಿದ್ದೇ ಹಿಂದಿನ ದಿನ. ಆಸ್ಟ್ರಿಯಾ ಬೆಲ್‌ಗ್ರೇಡನ್ನು ಮಾತ್ರ ಒತ್ತೆಯಾಗಿ ಹಿಡಿದು, ಉಳಿದದ್ದನ್ನು ಮಾತಿನಲ್ಲಿ ಮುಗಿಸಲಿ ಎಂದು ಅವರು ಬರೆದರು. ಬೆತ್ಮಾನ್ ಹೋಲ್ವೆಗ್ ಅದನ್ನು ವಿಯೆನ್ನಾಕ್ಕೆ ಕಳಿಸಿದ್ದು ಆ ರಾತ್ರಿ, ಅದೂ ನಾವು ಆಸ್ಟ್ರಿಯಾವನ್ನು ತಡೆಯುತ್ತಿದ್ದೇವೆಂದು ಅನ್ನಿಸದಂತೆ ಹೇಳಿ ಎಂಬ ಸೂಚನೆಯೊಂದಿಗೆ. ಅಷ್ಟರಲ್ಲಿ ಯುದ್ಧ ಘೋಷಣೆಯಾಗಿತ್ತು. ಆಸ್ಟ್ರಿಯಾದ ವಿದೇಶಾಂಗ ಸಚಿವ ಬೆರ್ಖ್ಟೋಲ್ಡ್ ಅಂದು ಹಗಲೇ ಸರ್ಬಿಯಾಕ್ಕೆ ತಂತಿಯ ಮೂಲಕ ಅದನ್ನು ಕಳಿಸಿದ್ದರು. ಅವರ ಸೇನಾ ಮುಖ್ಯಸ್ಥ ಕಾನ್ರಾಡ್, ಆಗಸ್ಟ್ 12ರವರೆಗೆ ತಮ್ಮ ಸೈನ್ಯ ದಾಳಿಗೆ ಸಿದ್ಧವಾಗದು ಎಂದು ಹೇಳಿಯೇ ಇದ್ದರು. ಎರಡು ವಾರ ಹೋರಾಡಲಾಗದ ದೇಶ ಅಂದೇ ಘೋಷಿಸಿದ್ದೇಕೆಂದರೆ, ಹಾಗೆ ಮಾಡದಿದ್ದರೆ ಇತರ ದೇಶಗಳು ಇನ್ನೊಮ್ಮೆ ಸಂಧಾನಕ್ಕೆ ಪ್ರಯತ್ನಿಸಬಹುದೆಂದು ಬೆರ್ಖ್ಟೋಲ್ಡ್ ತಮ್ಮ ಚಕ್ರವರ್ತಿಗೆ ಹಿಂದಿನ ದಿನವೇ ಬರೆದು ತಿಳಿಸಿದ್ದರು.